ಪ್ರೌಢಶಾಲೆಯ ಮಕ್ಕಳ ಕಲಿಕೆಗೆ ಮೈಕ್ರೊಬ್ಲಾಗಿಂಗ್ ಉಪಯುಕ್ತವೇ?

ಪ್ರಶ್ನೆ – ಶಿಕ್ಷಕಿ, ನಾಪೋಕ್ಲು

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳಿಂದ ಎಕ್ಸ್ (ಹಿಂದಿನ ಟ್ವಿಟರ್) ಅಥವಾ ಮಾಸ್ಟಡಾನ್‌ನಂತಹ ತಾಣದಲ್ಲಿ ಕನ್ನಡದ ಕಿರು ಪೋಸ್ಟ್‌ಗಳನ್ನು ಬರೆಸಬೇಕೆಂದಿದ್ದೇನೆ; ಇದನ್ನೇ ಮೈಕ್ರೊಬ್ಲಾಗಿಂಗ್ ಎನ್ನುತ್ತಾರೆ. ಪೋಷಕರ ಸಭೆಯಲ್ಲಿ ಇದನ್ನು ಪ್ರಸ್ತಾಪಿಸಿದಾಗ, ವಾಟ್ಸ್‌ಆ್ಯಪ್ ಗುಂಪು ಇರುವಾಗ ಇನ್ನೊಂದು ಏಕೆ, ಎರಡು ಸಾಲು ಬರೆದು ಮಕ್ಕಳು ಏನು ಕಲಿತಾರು ಎಂದು ಕೇಳಿದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವ ನಮ್ಮ ಕಡೆ ಇದು ನಡೆದೀತೇ ಎಂಬುದು ನನ್ನದೇ ಅನುಮಾನ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ – ಮಡಿಕೇರಿ ನಿವಾಸಿ

ಮೇಡಂ, 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಗುಡ್ಡಗಳು ಕುಸಿದಾಗ ನಾನು ಪರಿಹಾರ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೆ. ವಾಟ್ಸ್‌ಆ್ಯಪ್ ಸಂದೇಶ ಆ ಗುಂಪಿನವರಿಗಷ್ಟೇ ಕಾಣುತ್ತದೆ, ಮತ್ತು ಫಾರ್ವರ್ಡ್ ಆಗುತ್ತಾ ಹೋದಂತೆ ಮೊದಲು ಬರೆದವರು ಯಾರು, ಯಾವಾಗ ಬರೆದರು ಎಂಬುದೇ ಅಳಿಸಿಹೋಗುತ್ತದೆ. ಬಹಿರಂಗ ಪೋಸ್ಟ್‌ನಲ್ಲಿ ಖಾತೆಯ ಹೆಸರೂ ಸಮಯವೂ ಉಳಿಯುತ್ತವೆ. ಹ್ಯಾಶ್‌ಟ್ಯಾಗ್ (# ಗುರುತು ಹಾಕಿದ ಪದ) ಇದ್ದರೆ ದೂರದ ಊರಿನಲ್ಲಿರುವ ಮನೆಮಂದಿಯೂ ಹುಡುಕಿ ಓದಬಹುದು. "ಅಕ್ಕಿ ಸಾಕಷ್ಟಿದೆ, ಕಂಬಳಿ ಬೇಕು" ಎಂಬ ಒಂದು ಸಾಲು ಎಷ್ಟು ಕೆಲಸ ಮಾಡಬಲ್ಲದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಕಂಬಳಿ ಬಂದು ರಾಶಿ ಬಿದ್ದ ಮೇಲೂ ಅದೇ ಸಾಲು ಹರಿದಾಡುತ್ತಲೇ ಇತ್ತು. ಆದ್ದರಿಂದ ಸ್ಥಳ, ದಿನಾಂಕ, ಗಂಟೆ ಮತ್ತು ಸುದ್ದಿಯ ಮೂಲ ಇಲ್ಲದೆ ಏನನ್ನೂ ಹಾಕಬಾರದು, ಹಾಕಿದ ಮೇಲೆ ಪರಿಸ್ಥಿತಿ ಬದಲಾದರೆ ತಿದ್ದಲೇಬೇಕು ಎಂಬುದನ್ನು ಮಕ್ಕಳಿಗೆ ಮೊದಲೇ ಕಲಿಸಿ.

ಉತ್ತರ – ಕನ್ನಡ ಉಪನ್ಯಾಸಕ, ವಿರಾಜಪೇಟೆ

ಎರಡು ಸಾಲು ಬರೆದು ಏನು ಕಲಿತಾರು ಎಂಬ ಪ್ರಶ್ನೆಗೆ ನನ್ನ ಅನುಭವ ಹೇಳುತ್ತೇನೆ. 2006ರಲ್ಲಿ ಆರಂಭವಾದ ಟ್ವಿಟರ್‌ನ 140 ಅಕ್ಷರಗಳ ಮಿತಿ ಎಸ್‌ಎಂಎಸ್‌ನ 160 ಅಕ್ಷರಗಳ ಮಿತಿಯನ್ನು ನೋಡಿ ಇಟ್ಟದ್ದು. 2017ರಲ್ಲಿ ಅದು 280 ಆಯಿತು. ಆದರೆ ಯಂತ್ರವು ಗುಣಿತದ ಚಿಹ್ನೆಗಳನ್ನೂ ಒತ್ತುಗಳನ್ನೂ ಬೇರೆಯಾಗಿ ಎಣಿಸುತ್ತದೆ. 'ಮಡಿಕೇರಿ' ನಮಗೆ ನಾಲ್ಕು ಅಕ್ಷರ, ಅದಕ್ಕೆ ಏಳು. ಈ ಇಕ್ಕಟ್ಟಿನಲ್ಲಿ ಒಂದು ಪಾಠದ ಸಾರಾಂಶ ಬರೆಯಲು ಹೊರಟಾಗ, ನಮ್ಮ ವಿದ್ಯಾರ್ಥಿಗಳ ಮೊದಲ ಕರಡಿನಿಂದ "ಎಂದು ಹೇಳಬಹುದಾಗಿದೆ" ಎಂಬಂತಹ ಬಾಲಗಳು ಉದುರುತ್ತವೆ. ಅಷ್ಟಾದರೂ ಸಾಲದಾದಾಗ, ಯಾವ ಮಾತನ್ನು ಉಳಿಸಬೇಕು ಎಂಬ ವಾದ ತರಗತಿಯಲ್ಲಿ ಹುಟ್ಟಿಕೊಳ್ಳುತ್ತದೆ. ಆ ವಾದಕ್ಕಾಗಿಯೇ ನಾನು ಇದನ್ನು ಬಿಟ್ಟಿಲ್ಲ. ಕಾರಣಗಳನ್ನು ಒಂದೊಂದಾಗಿ ಬಿಡಿಸಿ ಹೇಳಬೇಕಾದ ವಿಷಯಕ್ಕೆ ಮಾತ್ರ ಪ್ರಬಂಧವೇ ಬೇಕು.

ಉತ್ತರ – ಕಾಫಿ ಬೆಳೆಗಾರ, ಸುಂಟಿಕೊಪ್ಪ

ಮಕ್ಕಳಿಂದ ಮಳೆಯ ಲೆಕ್ಕ ಬರೆಸಿ ಮೇಡಂ. ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚಿನಲ್ಲಿ ಬರೆದಿಡುವ ರೂಢಿಯಿದೆ, ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರ್‌ನಲ್ಲಿ. 1 ಇಂಚಿಗೆ 25.4 ಮಿ.ಮೀ. ಎಂಬ ಗಣಿತವೂ ಆದಂತಾಯಿತು. ಕಾಫಿ ಹೂ ಅರಳಿಸುವ ಹೂಮಳೆ ಒಂದು ತೋಟಕ್ಕೆ ಬಿದ್ದು ಪಕ್ಕದ ತೋಟಕ್ಕೆ ಬೀಳದಿರುವುದುಂಟು, ಹೀಗಾಗಿ ರೊಬಸ್ಟಾ ತಳಿಯ ಕಾಫಿಗೆ ಸ್ಪ್ರಿಂಕ್ಲರ್ ಹಾಕುವುದೋ ಕಾಯುವುದೋ ಎಂದು ಯೋಚಿಸುವ ನಮಗೂ ಊರೂರಿನ ಅಂಕಿಗಳು ಬೇಕು. ಬೇರೆ ಬೇರೆ ಶಾಲೆಗಳು ಒಂದೇ ಹ್ಯಾಶ್‌ಟ್ಯಾಗ್ ಬಳಸಿದರೆ, ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಇರುವ ಅಜಗಜಾಂತರ ಮಕ್ಕಳ ಕಣ್ಣೆದುರೇ ಇರುತ್ತದೆ. ಫೋಟೋ ಇಲ್ಲದ ಬರಹಕ್ಕೆ ಹೆಚ್ಚಿನ ಡೇಟಾ ಬೇಕಾಗುವುದಿಲ್ಲ. ಸಿಗ್ನಲ್ ಸಿಗದ ದಿನ ಪುಸ್ತಕದಲ್ಲಿ ಬರೆದಿಟ್ಟು, ಅಳೆದ ದಿನಾಂಕದೊಂದಿಗೇ ಆಮೇಲೆ ಹಾಕಬಹುದು.

ಶಿಕ್ಷಕಿ, ನಾಪೋಕ್ಲು

ಎಲ್ಲರಿಗೂ ಕೃತಜ್ಞತೆಗಳು. ಎಕ್ಸ್‌ನಲ್ಲಿ ಖಾತೆ ತೆರೆಯಲು 13 ವರ್ಷ ತುಂಬಿದ್ದರೆ ಸಾಕಾದರೂ, ಮಕ್ಕಳಿಗೆ ಬೇರೆ ಬೇರೆ ಖಾತೆ ಮಾಡಿಸದೆ, ತರಗತಿಗೊಂದೇ ಖಾತೆ ತೆರೆದು ನಾನೇ ನೋಡಿಕೊಳ್ಳುತ್ತೇನೆ. ಮಕ್ಕಳ ಹೆಸರು, ಮನೆ, ಫೋಟೋ ಯಾವುದನ್ನೂ ಹಾಕುವುದಿಲ್ಲ. ಮಳೆಮಾಪಕವನ್ನು ಶಾಲೆಯಲ್ಲಿ ಎಲ್ಲಿಡಬೇಕು ಸರ್?

ಕಾಫಿ ಬೆಳೆಗಾರ, ಸುಂಟಿಕೊಪ್ಪ

ಬಯಲಿನಲ್ಲಿ ಇಡಿ, ಮರವಾಗಲಿ ಕಟ್ಟಡವಾಗಲಿ ತನ್ನ ಎತ್ತರದ ಎರಡರಷ್ಟಾದರೂ ದೂರದಲ್ಲಿರಬೇಕು. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆಯಿರಿ, ರಜಾದಿನಗಳಿಗೆ ಹತ್ತಿರದ ಮನೆಯ ಮಗುವೊಂದಕ್ಕೆ ಜವಾಬ್ದಾರಿ ಕೊಡಿ. ಪೋಸ್ಟ್‌ನಲ್ಲಿ "ಇಂದು ಬೆಳಿಗ್ಗೆ 8.30ರವರೆಗಿನ 24 ಗಂಟೆ" ಎಂದೇ ಬರೆಸಿ. ಹವಾಮಾನ ಇಲಾಖೆ ದಿನದ ಮಳೆಯನ್ನು ಲೆಕ್ಕ ಹಾಕುವುದೂ ಹೀಗೆಯೇ ಆದ್ದರಿಂದ ಎರಡನ್ನೂ ಹೋಲಿಸಿ ನೋಡಲು ಬರುತ್ತದೆ.