ಸಹಾಯ ಬೇಕು: ರೈಫಲ್‌ಗೆ ಮಝಲ್ ಬ್ರೇಕ್ ಹಾಕಿಸುವ ಬಗ್ಗೆ

ಪುಣೆಯ ಕನ್ನಡ ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನನ್ನ ಬಳಿ ಪರವಾನಗಿ ಇರುವ .315 ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯುವ) ರೈಫಲ್ ಇದ್ದು, ಭುಜದ ಶಸ್ತ್ರಚಿಕಿತ್ಸೆಯ ನಂತರ ಗುಂಡು ಹಾರಿಸಿದಾಗ ಅದು ಭುಜಕ್ಕೆ ಕೊಡುವ ಒದೆತ ತಾಳುವುದು ಕಷ್ಟವಾಗಿರುವುದರಿಂದ ಮಝಲ್ ಬ್ರೇಕ್ ಹಾಕಿಸುವ ಯೋಚನೆಯಲ್ಲಿದ್ದೇನೆ. ಗುಂಡಿನ ಹಿಂದೆ ನುಗ್ಗುವ ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಒದೆತ ತಗ್ಗಿಸುವ ಈ ಸಾಧನದ ರಂಧ್ರವು ನಳಿಕೆಯ ರಂಧ್ರಕ್ಕೆ ಸರಿಯಾಗಿ ನೇರವಿರಬೇಕು. ಸ್ವಲ್ಪ ಓರೆಯಾದರೂ ಗುಂಡು ಅದರ ಒಳಗೋಡೆಗೆ ತಗಲುವ ಅಪಾಯವಿದೆ. ನನ್ನ ನಳಿಕೆಯ ತುದಿಯಲ್ಲಿ ತಿರುಪಿನ ಎಳೆಗಳಿಲ್ಲ. ಅವುಗಳನ್ನು ಲೇತ್‌ನಲ್ಲಿ, ನಳಿಕೆಯ ಹೊರಮೈಯನ್ನಲ್ಲದೆ ಒಳರಂಧ್ರವನ್ನೇ ಆಧಾರವಾಗಿಟ್ಟುಕೊಂಡು ಕೊರೆಯಬಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಪಡೆದ ಕುಶಲಕರ್ಮಿಗಳು ಪುಣೆ ಅಥವಾ ಮುಂಬೈಯಲ್ಲಿದ್ದರೆ ದಯವಿಟ್ಟು ತಿಳಿಸಿ. ಪೊಲೀಸ್ ಆಯುಕ್ತರ ಕಚೇರಿಯಿಂದ ಮೊದಲೇ ಲಿಖಿತ ಅನುಮತಿ ಪಡೆದವರಿದ್ದರೆ ಅರ್ಜಿಯ ಕ್ರಮವನ್ನೂ ಹೇಳಬೇಕು. ಅದಿಲ್ಲದೆ ನಾನು ನಳಿಕೆಯನ್ನು ಮುಟ್ಟಿಸುವುದಿಲ್ಲ.

ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ಸ್ಪರ್ಧೆಗಳಲ್ಲಿ ಮಝಲ್ ಬ್ರೇಕ್ ನಿಷಿದ್ಧವಾದ್ದರಿಂದ, ಬಾಲೇವಾಡಿಯ ಶೂಟಿಂಗ್ ರೇಂಜ್‌ನಲ್ಲಿ ಅಭ್ಯಾಸ ಮಾಡುವ ಸ್ಪರ್ಧಿಗಳಿಗಿಂತ ನಿವೃತ್ತ ಸೈನಿಕರ ಅನುಭವ ನನಗೆ ಹೆಚ್ಚು ಉಪಯುಕ್ತವಾದೀತು. ಬ್ರೇಕ್ ಹಾಕಿದ ಮೇಲೆ ಗುಂಡು ಬೀಳುವ ಜಾಗ ಬದಲಾಗಬಹುದು, ಹೊಸದಾಗಿ ಗುರಿ ಹೊಂದಿಸಬೇಕು ಎಂಬುದು ಗೊತ್ತು. ನನ್ನ ನಿಜವಾದ ಚಿಂತೆ ಸದ್ದಿನದು: ಪಕ್ಕದಲ್ಲಿ ನಿಂತವರ ಕಿವಿಗೆ ಹೊಡೆತ ಜೋರಾಗಿಯೇ ಬೀಳುತ್ತದೆ, ಹಾಗಾಗಿ ಇಯರ್ ಪ್ಲಗ್ಗಿನ ಮೇಲೆ ಇಯರ್ ಮಫ್ ಹಾಕಿದರೆ ಸಾಕಾಗುತ್ತದೆಯೇ? ರೈಫಲ್‌ನ ಭುಜಕ್ಕೆ ಒರಗುವ ಹಿಂತುದಿಗೆ ದಪ್ಪ ರಬ್ಬರ್ ಪ್ಯಾಡ್ ಹಾಕಿಸಿಯೇ ಭುಜದ ನೋವು ತಗ್ಗಿಸಿಕೊಂಡವರಿದ್ದರೆ, ಅವರ ಸಲಹೆಯನ್ನು ಮೊದಲು ಕೇಳಲು ಬಯಸುತ್ತೇನೆ.