ಸಹಾಯ ಬೇಕು: ಫ್ಲಾರಿಡಾ ಕಡಲತೀರದಲ್ಲಿ ಸಿಕ್ಕ ಸ್ಪೇನಿನ ಬೆಳ್ಳಿ ನಾಣ್ಯ

ಎಲ್ಲರಿಗೂ ನಮಸ್ಕಾರ. ಬಿರುಗಾಳಿ ಮರಳನ್ನು ಕೊಚ್ಚಿಕೊಂಡು ಹೋದ ಮರುದಿನ ವೀರೋ ಬೀಚ್ ಬಳಿ ಮೆಟಲ್ ಡಿಟೆಕ್ಟರ್ ಹಿಡಿದು ಹೋಗಿದ್ದೆ. ಒಂದು ಗೇಣು ಆಳದಲ್ಲಿ ಇದು ಸಿಕ್ಕಿತು. ಕಪ್ಪುಗಟ್ಟಿದ ಬೆಳ್ಳಿ, ಮುರಿದ ಹಪ್ಪಳದಂತೆ ಸೊಟ್ಟ ಅಂಚು, ತೂಕ 6.1 ಗ್ರಾಂ.

ಒಂದು ಬದಿಯಲ್ಲಿ ಶಿಲುಬೆ, ಅದರ ತುದಿಗಳಲ್ಲಿ ಗುಂಡುಗಳು, ಮೂಲೆಗಳಲ್ಲಿ ಕೋಟೆ ಮತ್ತು ಸಿಂಹ. ಇನ್ನೊಂದು ಬದಿಯ ಗುರಾಣಿಯ ಎಡಕ್ಕೆ ‘ಎಂ’ ಅಕ್ಷರ, ಅದರ ಮೇಲೆ ಪುಟ್ಟ ಸೊನ್ನೆ. ಹಾಗಾಗಿ ಮೆಕ್ಸಿಕೊ ಟಂಕಸಾಲೆಯ 2 ರಿಯಾಲ್ ಎಂದುಕೊಂಡಿದ್ದೇನೆ. ಅದರ ಪೂರ್ಣ ತೂಕ ಸುಮಾರು 6.7 ಗ್ರಾಂ, ಉಳಿದದ್ದನ್ನು ಉಪ್ಪುನೀರು ತಿಂದಿರಬೇಕು. 1715ರ ಜುಲೈ ಕೊನೆಯಲ್ಲಿ ಹವಾನಾದಿಂದ ಹೊರಟಿದ್ದ ಸ್ಪೇನಿನ ಹಡಗುಗಳು ಚಂಡಮಾರುತಕ್ಕೆ ಸಿಕ್ಕಿ ಒಡೆದದ್ದು ಇದೇ ಕರಾವಳಿಯಲ್ಲಿ. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ರಾಜನ ಹೆಸರು, ಇಸವಿ ಇರಬೇಕಾದ ಅಂಚು ಅಚ್ಚಿನಲ್ಲಿ ಬಿದ್ದೇ ಇಲ್ಲ. ಗುರಾಣಿಯ ನಡುವೆ ಬೋರ್ಬನ್ ಮನೆತನದ ಮೂರು ಲಿಲಿ ಹೂಗಳಿದ್ದರೆ ಐದನೆಯ ಫಿಲಿಪ್‌ನ ಕಾಲದ್ದು ಎನ್ನಬಹುದಿತ್ತು, ಆದರೆ ಆ ಜಾಗವೇ ಸವೆದಿದೆ. ಅವನಿಗಿಂತ ಹಿಂದಿನ ರಾಜ ಎರಡನೆಯ ಕಾರ್ಲೊಸ್‌ನದೂ ಆಗಿರಬಹುದೇ? ಚಿತ್ರಗಳನ್ನು ಹಾಕಿದ್ದೇನೆ, ಬಲ್ಲವರು ದಯವಿಟ್ಟು ನೋಡಿ ಹೇಳಿ.

ಇನ್ನೂ ಉಜ್ಜಿಲ್ಲ, ಸಿಹಿನೀರಿನಲ್ಲಿ ನೆನೆಸಿಟ್ಟಿದ್ದೇನೆ. ಮುಂದೇನು ಮಾಡಲಿ?