‘ವೆಂಟ್’ ಮತ್ತು ‘ಪ್ರೈಮ್ ಮಾಡು’: ದೋಣಿ ಕೆಲಸದ ಹುಡುಗರಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನನಗೆ ಎರಡು ಪದ ಬೇಕಾಗಿವೆ. ಸುಮ್ನೆ ಪದ ಮಾತ್ರ ಕೇಳಿದರೆ ಉಪಯೋಗವಿಲ್ಲ, ಯಾಕೆ ಬೇಕು ಅನ್ನುವುದನ್ನೂ ಹೇಳಬೇಕು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾನು ಗೋವಾದ ವಾಸ್ಕೋದಲ್ಲಿ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್, ರಿಪೇರಿ ಮಾಡುತ್ತೇನೆ. ಬೈನಾ, ಬೊಗ್ಮಾಳೊ ಕಡೆ ಪ್ರವಾಸಿಗರನ್ನು ಕರೆದೊಯ್ಯುವ ಸಣ್ಣ ದೋಣಿಗಳೇ ನಮ್ಮಲ್ಲಿಗೆ ಜಾಸ್ತಿ ಬರುತ್ತವೆ. ದೋಣಿ ಹುಡುಗರಲ್ಲಿ ಅನೇಕರು ಬಾಗಲಕೋಟೆ, ವಿಜಯಪುರ, ಗದಗ ಕಡೆಯವರು. ಊರಲ್ಲಿ ಪಂಪ್‌ಸೆಟ್ಟು, ಟ್ರ್ಯಾಕ್ಟರ್ ಜೊತೆ ಬೆಳೆದವರು, ಸಮುದ್ರ ಮಾತ್ರ ಹೊಸದು. ಮಳೆಗಾಲ ಮುಗಿದು ದೋಣಿ ನೀರಿಗಿಳಿಯುವ ಮೊದಲು ಅವರಿಗಾಗಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಟ್ಯಾಂಕ್ ಎಲ್ಲಿಡಬೇಕು, ಪೈಪ್ ಹೇಗೆ ಸಿಕ್ಕಿಸಬೇಕು, ಅಷ್ಟೇ.

ಹೋದ ವರ್ಷ ಯಾರೋ ಇಂಗ್ಲಿಷಿನಿಂದ ಮಾಡಿಸಿಕೊಟ್ಟ ಹಾಳೆಯೊಂದಿತ್ತು. ಅದರಲ್ಲಿ ಪೆಟ್ರೋಲ್ ಪೈಪಿಗೆ ‘ಇಂಧನ ರೇಖೆ’ ಅಂತ ಇತ್ತು. ರೇಖೆ ಅಂದರೆ ಗೀಟು, ಅಲ್ವಾ? ಅದು ಹೋಗಲಿ, ಅದರಿಂದ ಯಾರಿಗೂ ಅಪಾಯವಾಗಲಿಲ್ಲ. ಆದರೆ ಟ್ಯಾಂಕಿನ ಮುಚ್ಚಳದ ಮೇಲಿರುವ ಪುಟ್ಟ ಸ್ಕ್ರೂಗೆ, ಅಂದರೆ ವೆಂಟಿಗೆ, ‘ವಾಯುದ್ವಾರ’ ಅಂತ ಬರೆದು ‘ಎಂಜಿನ್ ಚಾಲನೆಗೆ ಮುನ್ನ ದ್ವಾರವನ್ನು ತೆರೆಯಿರಿ’ ಅಂದಿದ್ದರು. ಗದಗದ ಹುಡುಗನೊಬ್ಬ ಓದಿಕೊಂಡು ಇಡೀ ಮುಚ್ಚಳವನ್ನೇ ತೆಗೆದಿಟ್ಟ. ದೋಣಿ ಅಲೆಗೆ ಎದ್ದು ಬಿದ್ದಾಗ ಪೆಟ್ರೋಲ್ ಚೆಲ್ಲಿ ದೋಣಿಯ ತಳಕ್ಕೆ ಹೋಯಿತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ಮೇಲೆ ಹಾರಿಹೋಗದೆ ತಳದಲ್ಲೇ ಕೂರುತ್ತದೆ, ಒಂದು ಕಿಡಿ ಸಾಕು. ಪುಣ್ಯಕ್ಕೆ ಏನೂ ಆಗಲಿಲ್ಲ. ಕೇಳಿದರೆ ಅವನು ಹೇಳಿದ್ದು ಇಷ್ಟೇ: “ಅಣ್ಣಾ, ದ್ವಾರ ಅಂದ್ರ ಬಾಗಿಲಲ್ಲೇನ್ರಿ? ಅದಕ್ಕ ಪೂರಾ ತಗದೆ.” ಅವನು ಓದಿದ್ದು ಸರಿಯಾಗಿಯೇ ಇತ್ತು. ಪದ ತಪ್ಪು.

ಆ ಸ್ಕ್ರೂ ಮಾಡುವ ಕೆಲಸ ನೋಡಿ. ಎಂಜಿನ್ ಪೆಟ್ರೋಲ್ ಎಳೆದುಕೊಂಡಂತೆ ಟ್ಯಾಂಕಿನಲ್ಲಿ ಖಾಲಿಯಾದ ಜಾಗಕ್ಕೆ ಗಾಳಿ ಬರಬೇಕು. ಸ್ಕ್ರೂ ಬಿಗಿಯಾಗಿದ್ದರೆ ಎಂಜಿನ್ ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ನಡುನೀರಿನಲ್ಲಿ ನಿಲ್ಲುತ್ತದೆ, ಪ್ಲಾಸ್ಟಿಕ್ ಟ್ಯಾಂಕಿನ ಪಕ್ಕಗಳು ಗುಳಿಬಿದ್ದ ಕೆನ್ನೆಯ ಹಾಗೆ ಒಳಕ್ಕೆ ಹೋಗಿರುತ್ತವೆ. ಟ್ಯಾಂಕನ್ನು ಹೊತ್ತುಕೊಂಡು ಹೋಗುವಾಗ ಅದೇ ಸ್ಕ್ರೂ ಬಿಗಿಯಾಗಿರಬೇಕು. ಬಿಗಿ ಮಾಡಿ ಬಿಸಿಲಲ್ಲಿಟ್ಟರೆ ಟ್ಯಾಂಕ್ ಉಬ್ಬುತ್ತದೆ, ಪೈಪ್ ಸಿಕ್ಕಿಸಿದ ಹಾಗೇ ಬಿಟ್ಟಿದ್ದರೆ ಆ ಒತ್ತಡಕ್ಕೆ ಪೆಟ್ರೋಲ್ ಎಂಜಿನ್ನಿನ ಕಡೆ ನುಗ್ಗುತ್ತದೆ. ಹಾಗಾಗಿ ‘ಗಾಳಿ ಬಿಡುವ ಸ್ಕ್ರೂ’ ಅನ್ನಲು ನನಗೆ ಮನಸ್ಸಿಲ್ಲ, ಗಾಳಿ ಬಿಡುವುದು ಅಂದರೆ ಟೈರಿನಿಂದ ಹೊರಗೆ ಬಿಡುವುದು ಅಂತಲೇ ಹುಡುಗರು ತಿಳಿಯುತ್ತಾರೆ, ಇಲ್ಲಿ ಗಾಳಿ ಒಳಗೆ ಬರಬೇಕು. ‘ಗಾಳಿಕಿಂಡಿ’ ಚಂದದ ಮಾತು, ಆದರೆ ಕಿಂಡಿಯನ್ನು ತಿರುಗಿಸಲು ಆಗುವುದಿಲ್ಲ. ‘ಉಸಿರುಕಿಂಡಿ’ ಎರಡೂ ಕಡೆಯ ಗಾಳಿಗೆ ಹೊಂದುತ್ತದೆ, ಆದರೂ ಅದೇ ತೊಂದರೆ. ಕೈಗೆ ಸಿಗುವುದು ಸ್ಕ್ರೂ, ಹೆಸರಲ್ಲೂ ಅದೇ ಇರಲಿ ಅಂತ ‘ಗಾಳಿ ತಿರುಪು’ ಅಂದುಕೊಂಡೆ. ಉತ್ತರ ಕರ್ನಾಟಕದವರೇ, ನಿಮ್ಮ ಕಡೆ ಸ್ಕ್ರೂಗೆ ತಿರುಪು ಅಂದರೆ ಅರ್ಥ ಆಗುತ್ತದೆಯೇ? ಇಲ್ಲವಾದರೆ ‘ಗಾಳಿ ಸ್ಕ್ರೂ’ ಅಂತಲೇ ಬರೆಯುತ್ತೇನೆ.

ಎರಡನೆಯದು, ‘ಪ್ರೈಮ್ ಮಾಡು’, ಇದಕ್ಕಿಂತ ಕಷ್ಟ. ಪೈಪಿನ ನಡುವೆ ರಬ್ಬರಿನ ಒಂದು ಉಂಡೆ ಇರುತ್ತದೆ. ಅದರ ಎರಡೂ ತುದಿಯಲ್ಲಿ ಒಂದೇ ಕಡೆಗೆ ಬಿಡುವ ವಾಲ್ವ್, ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಇದ್ದಂತೆ. ಮೈಮೇಲಿನ ಬಾಣ ಎಂಜಿನ್ ಕಡೆ ಇರಬೇಕು, ತಿರುಗಾಮುರುಗಾ ಹಾಕಿದರೆ ಎಷ್ಟು ಒತ್ತಿದರೂ ಪೆಟ್ರೋಲ್ ಹೋಗದು. ಎಂಜಿನ್ ಶುರು ಮಾಡುವ ಮೊದಲು ಅದಕ್ಕೆ ಪೆಟ್ರೋಲ್ ತಲುಪಿಸಲು, ಎಂಜಿನ್ ಕಡೆಯ ತುದಿ ಮೇಲಿರುವಂತೆ ಉಂಡೆಯನ್ನು ಹಿಡಿದು, ಗಟ್ಟಿಯಾಗುವವರೆಗೆ ಒತ್ತಬೇಕು. ಉಂಡೆಗೆ ಹೆಸರು ಹುಡುಕುವ ಕೆಲಸವಿಲ್ಲ, ಹುಡುಗರೇ ‘ಉಂಡೆ’ ಅನ್ನುತ್ತಾರೆ, ನನಗದು ಬಹಳ ಹಿಡಿಸಿದೆ. ಬೇಕಿರುವುದು ಒತ್ತುವ ಕ್ರಿಯೆಗೆ ಪದ.

‘ತುಂಬು’ ಅಂದರೆ ಟ್ಯಾಂಕ್ ತುಂಬುವುದು ಅಂದುಕೊಳ್ಳುತ್ತಾರೆ. ‘ಪಂಪ್ ಮಾಡು’ ಅಂದರೆ ಎಲ್ಲಿಯವರೆಗೆ ಅನ್ನುವುದು ಗೊತ್ತಾಗದು. ಅವರ ಬಾಯಲ್ಲೇ ಇರುವ ಮಾತು ‘ಏರ್ ತಗಿ’. ಇದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು. ಡೀಸೆಲ್ ಟ್ರ್ಯಾಕ್ಟರಿನಲ್ಲಿ ಏರ್ ತೆಗೆಯುವುದು ಅಂದರೆ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಹೊರಗೆ ಬಿಡುವುದು. ಅದೇ ಅಭ್ಯಾಸದಲ್ಲಿ ಯಾರಾದರೂ ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ಪೈಪಿನ ಕ್ಲಿಪ್ ಬಿಚ್ಚಿದರೆ? ಈ ಮಾತನ್ನು ಸೂಚನೆಯಲ್ಲಿ ಹಾಕಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಚಿಕ್ಕಪ್ಪ ಬಾವಿಯ ಪಂಪ್ ಶುರು ಮಾಡುವ ಮೊದಲು ಮೇಲಿಂದ ನೀರು ಸುರಿಯುತ್ತಾ “ಮೊದ್ಲ ಅದಕ್ಕ ನೀರ ಕುಡಸ್ಬೇಕು” ಅನ್ನುತ್ತಿದ್ದರು. ಯಂತ್ರ ತಾನಾಗಿ ಎಳೆದುಕೊಳ್ಳುವ ಮೊದಲು ನಾವು ಕೈಯಾರೆ ಕೊಡುವುದು, ಪ್ರೈಮ್ ಮಾಡುವುದು ಅಂದರೂ ಅದೇ ತಾನೇ? ಹಾಗಾದರೆ ‘ಎಂಜಿನ್ನಿಗೆ ಪೆಟ್ರೋಲ್ ಕುಡಿಸಿ, ಉಂಡೆ ಗಟ್ಟಿಯಾದ ಮೇಲೆ ನಿಲ್ಲಿಸಿ’ ಅನ್ನಬಹುದು. ಒಂದು ಅನುಮಾನವಿದೆ. ಗಾಡಿ ‘ಪೆಟ್ರೋಲ್ ಕುಡಿಯುತ್ತೆ’ ಅಂದರೆ ಮೈಲೇಜ್ ಇಲ್ಲ ಅಂತ ಅರ್ಥ, ‘ಕುಡಿಸು’ ಅಂದಾಗ ಆ ನೆರಳು ಬೀಳುತ್ತದೆಯೇ? ‘ಉಣಿಸು’ ಆಗಬಹುದೇನೋ, ‘ನೀರುಣಿಸು’ ಇದೆಯಲ್ಲ, ಆದರೆ ನನ್ನ ಕಿವಿಗೆ ಅದು ಪತ್ರಿಕೆಯ ಕನ್ನಡದಂತೆ ಕೇಳುತ್ತದೆ. ‘ಎಣ್ಣೆ ಕುಡಿಸು’ ಅಂತೂ ಬೇಡ. ನಮ್ಮ ಟೂ ಸ್ಟ್ರೋಕ್ ಎಂಜಿನ್‌ಗಳಲ್ಲಿ 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್ ಬೆರೆಸುತ್ತೇವೆ, 24 ಲೀಟರಿನ ಟ್ಯಾಂಕಿಗೆ 480 ಮಿಲಿ, ಅಲ್ಲಿ ಎಣ್ಣೆ ಅಂದರೆ ಪೆಟ್ರೋಲೋ ಆಯಿಲೋ ತಿಳಿಯದು.

ಕುಮಟಾ, ಕಾರವಾರ, ಮಲ್ಪೆ ಕಡೆಯವರು ಇಲ್ಲಿದ್ದರೆ ದಯವಿಟ್ಟು ನಿಮ್ಮ ತಾಂಡೇಲರನ್ನು, ಅಂದರೆ ದೋಣಿ ನಡೆಸುವ ಹಿರಿಯರನ್ನು, ಕೇಳಿ ಬರೆಯಿರಿ: ದೋಣಿ ಹೊರಡುವ ಮುಂಚೆ ಉಂಡೆ ಒತ್ತುವುದಕ್ಕೆ ಅವರು ಏನನ್ನುತ್ತಾರೆ? ಬಯಲುಸೀಮೆಯವರು ಪಂಪಿಗೆ ಮೊದಲು ನೀರು ಹಾಕುವುದಕ್ಕೆ ನಿಮ್ಮೂರಲ್ಲಿ ಯಾವ ಮಾತಿದೆ ಹೇಳಿ. ಹಾಳೆ ಅಚ್ಚಿಗೆ ಹೋಗಲು ಇನ್ನು ಎರಡು ವಾರ ಇದೆ.